ಗಲ್ಲದೊಳಗಿನ ಹಗೇವು

ಬೆಟಗೇರಿಯ ನನ್ನ ತಂಗಿಯ ಮನೆಗೆ ಹ್ಯಾಮ್‌ಸ್ಟರ್ ಬಂದ ದಿನ ಲಕ್ಷ್ಮೇಶ್ವರದಿಂದ ನಮ್ಮವ್ವನೂ ಬಂದಿದ್ದಳು. ಹುಬ್ಬಳ್ಳಿಯಿಂದ ರಟ್ಟಿನ ಡಬ್ಬಿಯಲ್ಲಿ ಪ್ರಯಾಣ ಮಾಡಿ ಬಂದ ಆ ಜೀವವನ್ನು ಪಂಜರಕ್ಕೆ ಬಿಟ್ಟಾಗ ಅವ್ವ ಚಾಳೀಸು ಸರಿಮಾಡಿಕೊಂಡು ಇಣುಕಿದಳು.

"ಹೊಲದಾಗ ಇವನ್ನ ಬಡಿಗಿ ತಗೊಂಡು ಬಡೀತಿದ್ವಿ. ನೀವು ರೊಕ್ಕಾ ಕೊಟ್ಟು ತಂದೀರಿ?"

"ಆಯಿ, ಇದು ಇಲಿ ಅಲ್ಲ, ಹ್ಯಾಮ್‌ಸ್ಟರ್" ಎಂದಳು ಹತ್ತು ವರ್ಷದ ಮೊಮ್ಮಗಳು.

"ಬಾಲಾ ಮೋಟ ಆದ್ರ ಇಲಿ ಇಲಿ ಅಲ್ಲಂಗ ಆಕ್ಕೇತೇನ?"

ವಿಜ್ಞಾನ ಇಬ್ಬರ ಕಡೆಗೂ ಅರ್ಧರ್ಧ ನಿಲ್ಲುತ್ತದೆ. ಇಲಿ, ಅಳಿಲು, ಹ್ಯಾಮ್‌ಸ್ಟರ್ ಎಲ್ಲವೂ ದಂಶಕಗಳು. ಮುಂದಿನ ಬಾಚಿಹಲ್ಲು ಸಾಯುವವರೆಗೂ ಬೆಳೆಯುತ್ತಲೇ ಇರುವ, ಅದಕ್ಕಾಗಿಯೇ ಏನನ್ನಾದರೂ ಕಡಿಯುತ್ತಲೇ ಇರಬೇಕಾದ ಬಳಗ. ಆದರೆ ನಮ್ಮ ಹೊಲದ ಇಲಿಯ ಮನೆತನ ಬೇರೆ, ಹ್ಯಾಮ್‌ಸ್ಟರಿನದು ಬೇರೆ. ಎರಡೂ ಕೋಟ್ಯಂತರ ವರ್ಷಗಳ ಹಿಂದೆಯೇ ಪಾಲಾಗಿ ಹೋದ ದಾಯಾದಿಗಳು. ಭಾರತದ ಬಯಲುಸೀಮೆಯಲ್ಲಿ ಕಾಡು ಹ್ಯಾಮ್‌ಸ್ಟರ್ ಇಲ್ಲ. ಅಂಗಡಿಯಲ್ಲಿ ಸಿಗುವ ಬಂಗಾರದ ಬಣ್ಣದ್ದು ಸಿರಿಯಾ ದೇಶದ್ದು, ಅಂಗೈಯಲ್ಲಿ ಅಡಗುವ ಕುಳ್ಳಗಿನವು ಮಧ್ಯ ಏಷ್ಯಾ, ಸೈಬೀರಿಯಾ, ಮಂಗೋಲಿಯಾ ಕಡೆಯವು. ನಮ್ಮ ಮನೆಗೆ ಬಂದದ್ದು ಸಿರಿಯಾದ್ದು. ಹುಡುಗಿ ಅದಕ್ಕೆ ಗುಂಡ್ಯಾ ಎಂದು ಹೆಸರಿಟ್ಟಳು.

ಆ ರಾತ್ರಿ ಎಲ್ಲರೂ ಮಲಗಿದ ಮೇಲೆ ನಾನೊಬ್ಬನೇ ಪಂಜರದ ಎದುರು ಕೂತೆ. ಒಂದು ಚಿಟಿಕೆ ಬಿಳಿಜೋಳ ಹಾಕಿದೆ. ಗುಂಡ್ಯಾ ಬಂದ, ಮೂಸಿದ, ಎರಡೂ ಮುಂಗಾಲಿನಿಂದ ಒಂದೊಂದೇ ಕಾಳು ಎತ್ತಿ ಬಾಯಿಗೆ ಒತ್ತತೊಡಗಿದ. ತಿನ್ನುವುದಿಲ್ಲ, ಒತ್ತುವುದಷ್ಟೇ. ನೋಡನೋಡುತ್ತಿದ್ದಂತೆ ಮುಖ ಭುಜದವರೆಗೂ ಊದಿಕೊಂಡಿತು, ತಲೆಗಿಂತ ಗಲ್ಲವೇ ದೊಡ್ಡದಾಯಿತು. ಆಮೇಲೆ ಮೂಲೆಗೆ ಓಡಿಹೋಗಿ, ಮುಂಗಾಲಿನಿಂದ ಗಲ್ಲವನ್ನು ಹಿಂದಿನಿಂದ ಮುಂದಕ್ಕೆ ತಳ್ಳಿ ಎಲ್ಲವನ್ನೂ ಸುರಿದ. ಒಂದು ಕಾಳು ಎತ್ತಿ ನೋಡಿದೆ, ಒಣಗಿಯೇ ಇತ್ತು. ಗಲ್ಲದ ಆ ಚೀಲದೊಳಗೆ ಜೊಲ್ಲಿನ ಗ್ರಂಥಿಗಳಿಲ್ಲ. ಅದು ಬಾಯಿಯ ಭಾಗವೆನ್ನುವುದಕ್ಕಿಂತ ಹೊಟ್ಟೆಗೆ ಸಂಬಂಧವಿಲ್ಲದ ಹೆಗಲಚೀಲ ಎನ್ನಬೇಕು. ಜರ್ಮನ್ ಭಾಷೆಯಲ್ಲಿ ಕೂಡಿಟ್ಟುಕೊಳ್ಳುವುದಕ್ಕೆ ಇದರ ಹೆಸರಿನಿಂದಲೇ ಕ್ರಿಯಾಪದ ಹುಟ್ಟಿದೆ.

ಮುಂಡರಗಿ ಕಡೆಯ ಹಿರಿಯರಿಗೆ ಇದು ವಿಚಿತ್ರವೆನಿಸಲಾರದು. ನೆಲದಲ್ಲಿ ಆಳದ ಗುಂಡಿ ತೋಡಿ, ಒಳಗೆಲ್ಲ ಹುಲ್ಲು ಹಾಸಿ, ಜೋಳ ತುಂಬಿ, ಬಾಯಿಗೆ ಬಂಡೆ ಮುಚ್ಚಿ ಮಣ್ಣು ಮೆತ್ತಿದರೆ ಅದು ಹಗೇವು. ವರ್ಷಗಟ್ಟಲೆ ಕಾಳು ಕೆಡುತ್ತಿರಲಿಲ್ಲ. ಒಳಗಿನ ಗಾಳಿಯಲ್ಲಿ ಆಮ್ಲಜನಕ ತೀರಿ ಹುಳವೂ ಬದುಕುತ್ತಿರಲಿಲ್ಲ. ತೆರೆದ ಕೂಡಲೇ ಇಳಿದ ಮನುಷ್ಯನೂ ಬದುಕುತ್ತಿರಲಿಲ್ಲ. ಹ್ಯಾಮ್‌ಸ್ಟರ್ ತನ್ನ ನೆಲದಡಿ ಮನೆಯಲ್ಲಿ ಮಲಗಲು ಒಂದು ಕೋಣೆ, ಕಾಳಿಗೆ ಬೇರೆ ಕೋಣೆ ಮಾಡಿಕೊಳ್ಳುತ್ತದೆ. ಮೂತ್ರಕ್ಕೂ ಒಂದು ಮೂಲೆ ಗೊತ್ತುಮಾಡಿಕೊಳ್ಳುತ್ತದೆ. ಮಳೆ ನಂಬಲಾಗದ ಸೀಮೆಯಲ್ಲಿ ಕಾಳು ತಿಂದು ಬದುಕುವವರ ಬುದ್ಧಿ ಎಲ್ಲಿದ್ದರೂ ಒಂದೇ ದಿಕ್ಕಿಗೆ ಓಡುತ್ತದೆ ಎಂದು ಕಾಣುತ್ತದೆ.

ಈ ಪ್ರಾಣಿಗೆ ಲೋಕದಲ್ಲಿ ಹೆಸರು ಸಿಕ್ಕದ್ದು 1839ರಲ್ಲಿ. ಸಿರಿಯಾದ ಅಲೆಪ್ಪೊ ಪಟ್ಟಣದ ಕಡೆಯಿಂದ ಲಂಡನ್ನಿಗೆ ಹೋದ ಒಂದು ಚರ್ಮವನ್ನು ನೋಡಿ ಜಾರ್ಜ್ ವಾಟರ್‌ಹೌಸ್ ಎಂಬಾತ ಅದನ್ನು ಹೊಸ ಜಾತಿಯೆಂದು ವಿವರಿಸಿದ. ಅದೇ 1839ರಲ್ಲಿ ಮದ್ರಾಸಿನ ಒಂದು ವಿದ್ವತ್ ಪತ್ರಿಕೆಯಲ್ಲಿ ನಮ್ಮ ಸೀಮೆಯ ಸಸ್ತನಿಗಳ ಪಟ್ಟಿ ಅಚ್ಚಾಯಿತು. ಆಗ ಬ್ರಿಟಿಷರು ದಕ್ಷಿಣ ಮರಾಠಾ ದೇಶ ಎನ್ನುತ್ತಿದ್ದ, ಧಾರವಾಡವನ್ನು ನಡುವಿಟ್ಟುಕೊಂಡ ಈ ಎರೆನೆಲದ ಪ್ರಾಣಿಗಳ ಪಟ್ಟಿ ಅದು. ಬರೆದವನು ವಾಲ್ಟರ್ ಎಲಿಯಟ್. ಕಿತ್ತೂರಿನ ಇತಿಹಾಸ ಓದಿದವರಿಗೆ ಈ ಹೆಸರು ಗೊತ್ತಿರಬೇಕು. 1824ರಲ್ಲಿ ಬ್ರಿಟಿಷ್ ಕಲೆಕ್ಟರ್ ಥ್ಯಾಕರೆ ಸತ್ತ ಕಾಳಗದಲ್ಲಿ ಚೆನ್ನಮ್ಮನ ಕಡೆಯವರಿಗೆ ಸೆರೆಸಿಕ್ಕ ಇಬ್ಬರು ಅಧಿಕಾರಿಗಳಲ್ಲಿ ಒಬ್ಬ, ಇನ್ನೊಬ್ಬ ಸ್ಟೀವನ್‌ಸನ್. ಬಿಡುಗಡೆಯಾದ ಎಲಿಯಟ್ ಮುಂದೆ ಶಾಸನಗಳನ್ನು ಕೂಡಿಸಿದ, ಜೊತೆಗೆ ಇಲಿಗಳನ್ನೂ.

ಇಲಿಗಳ ವಿಷಯದಲ್ಲಿ ಅವನು ಮಾಡಿದ ಒಂದು ಕೆಲಸಕ್ಕೆ ನಾನು ಋಣಿ. ಸಾಹೇಬನ ಹೆಸರು ಹುಡುಕದೆ, ನೆಲ ಅಗೆಯುವ ಕಸುಬಿನ ಭೋವಿ ಜನ ಏನೆನ್ನುತ್ತಾರೋ ಅದನ್ನೇ ಬರೆದುಕೊಂಡ. ಅವನು ಕಳಿಸಿದ ಮಾದರಿಗಳನ್ನು ಬ್ರಿಟಿಷ್ ಮ್ಯೂಸಿಯಮ್ಮಿನ ಜಾನ್ ಎಡ್ವರ್ಡ್ ಗ್ರೇ 1837ರಲ್ಲಿ ವರ್ಣಿಸುವಾಗ ಆ ಹೆಸರುಗಳನ್ನೇ ಲ್ಯಾಟಿನ್ನಿನ ಅಂಗಿ ತೊಡಿಸಿ ಇಟ್ಟುಕೊಂಡ. ಕನ್ನಡದ ಗುಲಂಡಿ 'ಗೊಲುಂಡಾ' ಆಯಿತು, ಅದರ ಬೆನ್ನಿಗೆ ಎಲಿಯಟ್ಟನ ಹೆಸರೂ ಸೇರಿ 'ಗೊಲುಂಡಾ ಎಲಿಯೋಟಿ'. ಮೆಟ್ಟಾಡೆ 'ಮೆಲ್ಟಾಡಾ' ಆಯಿತು. ಇಂದಿಗೂ ಜಗತ್ತಿನ ಯಾವ ಮೂಲೆಯ ಪ್ರಾಣಿಶಾಸ್ತ್ರಜ್ಞ ಈ ಇಲಿಗಳ ಬಗ್ಗೆ ಬರೆದರೂ ನಮ್ಮ ಹೊಲದ ಒಂದು ಪದವನ್ನು ತಪ್ಪಾಗಿ ಉಚ್ಚರಿಸಿಯೇ ಬರೆಯುತ್ತಾನೆ.

ಎಲಿಯಟ್ಟನ ಪಟ್ಟಿಯಲ್ಲಿ ಕೋಕ್ ಎಂಬ ಇನ್ನೊಂದಿದೆ, ಹೆಗ್ಗಣದ ಬಳಗದ ಹೊಲದ ಇಲಿ. ಸುಗ್ಗಿಯಲ್ಲಿ ಭೋವಿ ಜನ ಇದರ ಬಿಲ ಅಗೆದು ಕಾಳು ತೆಗೆಯುತ್ತಿದ್ದರು. ಒಂದೊಂದು ಬಿಲದಲ್ಲಿ ಅರ್ಧ ಸೇರಿನಷ್ಟು ಜೋಳ, ಕೆಲವೊಮ್ಮೆ ಇಡೀ ತೆನೆಗಳೇ ಸಿಗುತ್ತಿದ್ದವು ಎಂದು ಅವನು ಬರೆದಿಟ್ಟಿದ್ದಾನೆ. ಕೋಕ್‌ಗೆ ಗಲ್ಲದ ಚೀಲವಿಲ್ಲ, ಆದರೆ ಹಗೇವು ಇದೆ. ಮೆಟ್ಟಾಡೆಯದು ಬೇರೆ ಕಥೆ. ಅದು ಸರಿಯಾದ ಬಿಲವನ್ನೂ ತೋಡದ ಸೋಮಾರಿ. ಬೇಸಿಗೆಯಲ್ಲಿ ಎರೆ ಬಿರಿದಾಗ ಆ ಬಿರುಕಿನಲ್ಲೇ ಸಂಸಾರ ಹೂಡುತ್ತದೆ. ಮುಂಗಾರು ಬಿದ್ದು ಬಿರುಕು ಮುಚ್ಚಿದಾಗ ಲೆಕ್ಕವಿಲ್ಲದಷ್ಟು ಒಳಗೇ ಸಾಯುತ್ತವೆ. 1826ರಲ್ಲಿ ಮುಂಗಾರಿನ ಮೊದಲ ಮಳೆಯೇ ಕೈಕೊಟ್ಟಿತು. ಬಿರುಕು ಮುಚ್ಚಲಿಲ್ಲ, ಮೆಟ್ಟಾಡೆ ಸಾಯಲಿಲ್ಲ. ಬಿತ್ತಿದ ಬೀಜ ಹೋಯಿತು, ಉಳಿದ ಬೆಳೆ ತೆನೆಗೆ ಬಂದಾಗ ದಂಟು ಹತ್ತಿ ತೆನೆಯನ್ನೇ ಕತ್ತರಿಸಿದವು, ರೈತರು ಕಂದಾಯ ಕಟ್ಟಲಾರದೆ ಹೋದರು. ಡಜನ್ನಿಗೆ ಇಷ್ಟು ಕಾಳು ಎಂದು ಕೂಲಿ ಗೊತ್ತುಮಾಡಿ ಸಾವಿರಗಟ್ಟಲೆ ಕೊಲ್ಲಿಸಿದರೂ ಸಂಖ್ಯೆ ಇಳಿದಂತೆ ಕಾಣಲಿಲ್ಲವಂತೆ. ಅವ್ವನ ಬಡಿಗೆಗೆ ಇಷ್ಟು ಹಳೆಯ ಇತಿಹಾಸವಿದೆ.

ಈ ಲೆಕ್ಕವನ್ನು ನೆನಪಿಟ್ಟುಕೊಳ್ಳಿ. ರಾಶಿರಾಶಿಯಾಗಿ ಹುಟ್ಟುವುದು, ರಾಶಿರಾಶಿಯಾಗಿ ಸಾಯುವುದು. ಹ್ಯಾಮ್‌ಸ್ಟರಿನ ಆಯುಷ್ಯದ ಗುಟ್ಟು ಅದರಲ್ಲೇ ಇದೆ.

ಹೆಸರಿಟ್ಟು 90 ವರ್ಷವಾದರೂ ಹ್ಯಾಮ್‌ಸ್ಟರ್ ಮನೆಮನೆಯ ಸಾಕುಪ್ರಾಣಿ ಆಗಿರಲಿಲ್ಲ. 1930ರಲ್ಲಿ ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದಲ್ಲಿ ಸಾಲ್ ಆಡ್ಲರ್ ಎಂಬ ಪರೋಪಜೀವಿ ತಜ್ಞನಿಗೆ ಕಾಲಾ-ಅಜಾರ್ ಮಾದರಿಯ ರೋಗ ಅಭ್ಯಾಸ ಮಾಡಲು ಒಂದು ಪ್ರಾಣಿ ಬೇಕಿತ್ತು. ಪ್ರಾಣಿಶಾಸ್ತ್ರಜ್ಞ ಇಸ್ರೇಲ್ ಅಹರೋನಿ ಅಲೆಪ್ಪೊಗೆ ಹೋಗಿ, ಸ್ಥಳೀಯ ಶೇಖನ ಆಳುಗಳಿಂದ ಗೋಧಿ ಹೊಲ ಅಗೆಸಿದ. ಸುಮಾರು 8 ಅಡಿ ಕೆಳಗೆ ಒಂದು ತಾಯಿ, 11 ಮರಿ ಸಿಕ್ಕವು. ಡಬ್ಬಿಯಲ್ಲಿ ಹಾಕಿದ್ದೇ ತಾಯಿ ಒಂದು ಮರಿಯನ್ನು ಕೊಂದಳು. ಹೆದರಿದ ತಾಯಂದಿರು ಹೀಗೆ ಮಾಡುವುದುಂಟು. ಉಳಿದವನ್ನೂ ಕೊಂದಾಳೆಂದು ತಾಯಿಯನ್ನೇ ತೆಗೆದರು. ಆಮೇಲೆ ಕೆಲವು ಮರಿಗಳು ಕಟ್ಟಿಗೆಯ ಪಂಜರ ಕಡಿದು ಓಡಿಹೋದವು. ಕೊನೆಗೆ ಉಳಿದ ಮೂರ್ನಾಲ್ಕು ಒಡಹುಟ್ಟಿದವುಗಳಿಂದಲೇ ವಂಶ ನಡೆದು ಒಂದು ವರ್ಷದಲ್ಲಿ ನೂರನ್ನು ದಾಟಿತು. ಆಡ್ಲರ್ 1931ರಲ್ಲಿ ಕೆಲವನ್ನು ಕೋಟಿನ ಜೇಬಿನಲ್ಲಿಟ್ಟುಕೊಂಡು ಇಂಗ್ಲೆಂಡಿಗೆ ಒಯ್ದ. ಇಂದು ಜಗತ್ತಿನ ಮನೆಗಳಲ್ಲಿ, ಪ್ರಯೋಗಾಲಯಗಳಲ್ಲಿ ಇರುವ ಸಿರಿಯಾದ ಹ್ಯಾಮ್‌ಸ್ಟರುಗಳ ಬಹುಪಾಲು ಆ ಒಂದೇ ಬಿಲದ ಸಂತಾನ. ನಮ್ಮ ಗುಂಡ್ಯಾನ ಕುಲದ ಬುಡವೂ ಬಹುಶಃ ಅಲ್ಲೇ. ನಿಮ್ಮಲ್ಲಿ ಹಲವರು ಚುಚ್ಚಿಸಿಕೊಂಡ ಕೊವ್ಯಾಕ್ಸಿನ್ನನ್ನು ಮೊದಲು ಪರೀಕ್ಷಿಸಿದ ಪ್ರಾಣಿಗಳಲ್ಲಿ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯ ಹ್ಯಾಮ್‌ಸ್ಟರುಗಳೂ ಇದ್ದವು. ಇಲಿಗಿಂತ ಇದಕ್ಕೆ ಕೋವಿಡ್ ಸೋಂಕು ಸುಲಭವಾಗಿ ತಗಲುತ್ತಿತ್ತು.

ಗುಂಡ್ಯಾ ಬಂದು ಒಂದೂಮುಕ್ಕಾಲು ವರ್ಷವಾದಾಗ ಹುಡುಗಿ ಫೋನು ಮಾಡಿದಳು.

"ಮಾಮಾ, ಇದರ ಬೆನ್ನಿನ ಕೂದಲಾ ಉದರಾಕತ್ತಾವು. ಚಕ್ರದಾಗ ಓಡಾಂಗಿಲ್ಲ. ಏನಾಗೇತಿ?"

"ವಯಸ್ಸಾಗೇತಿ."

"ನನಗಿಂತ ಸಣ್ಣದೈತಲ್ಲ!"

ಇದಕ್ಕೆ ಫೋನಿನಲ್ಲಿ ಉತ್ತರ ಹೇಳುವುದು ಸುಲಭವಲ್ಲ. ಸಿರಿಯಾದ ಹ್ಯಾಮ್‌ಸ್ಟರ್ ಸಾಮಾನ್ಯವಾಗಿ 2ರಿಂದ 3 ವರ್ಷ ಬಾಳುತ್ತದೆ. ಕುಳ್ಳ ಜಾತಿಗಳಲ್ಲಿ ಕೆಲವು ಒಂದೂವರೆ-ಎರಡಕ್ಕೇ ಮುಗಿಸುತ್ತವೆ, ರೊಬೊರೊವ್‌ಸ್ಕಿ ಎಂಬ ಎಲ್ಲಕ್ಕಿಂತ ಸಣ್ಣದು ಮೂರನ್ನು ದಾಟುವುದುಂಟು. ಬಸಿರು ಬರೀ 16 ದಿನ, ಜರಾಯು ಸಸ್ತನಿಗಳಲ್ಲಿ ಇದಕ್ಕಿಂತ ಕಡಿಮೆ ಯಾರದೂ ಇಲ್ಲ. ಎರಡು ವಾರಕ್ಕೆ ಕಣ್ಣು ಬಿಡುತ್ತದೆ, ಮೂರಕ್ಕೆ ಹಾಲು ಬಿಡುತ್ತದೆ, ಐದಾರು ವಾರಕ್ಕೆ ತಾನೇ ತಾಯಿಯಾಗಬಲ್ಲದು. ಹೃದಯ ನಿಮಿಷಕ್ಕೆ 300ರಿಂದ 500 ಸಲ ಬಡಿಯುತ್ತದೆ. ಸರಾಸರಿ 400 ಎಂದು ಹಿಡಿದರೆ ಎರಡೂವರೆ ವರ್ಷಕ್ಕೆ ಸುಮಾರು 52 ಕೋಟಿ ಬಡಿತ. ನಿಮಿಷಕ್ಕೆ 30 ಸಲ ಬಡಿಯುವ ಆನೆಯ ಹೃದಯ 60 ವರ್ಷಕ್ಕೆ ಬಡಿಯುವುದು 95 ಕೋಟಿಯ ಹತ್ತಿರ. ತೂಕದಲ್ಲಿ ಹತ್ತಾರು ಸಾವಿರ ಪಟ್ಟು ಅಂತರವಿದ್ದರೂ ಬಡಿತದ ಲೆಕ್ಕದಲ್ಲಿ ಎರಡು ಪಟ್ಟೂ ಇಲ್ಲ. ದೇವರು ಎಲ್ಲರಿಗೂ ಇಷ್ಟೇ ಉಸಿರು ಎಂದು ಎಣಿಸಿ ಕಳಿಸುತ್ತಾನೆ ಎನ್ನುವ ನಮ್ಮ ಹಿರಿಯರ ಮಾತು ಈ ಲೆಕ್ಕ ನೋಡಿದಾಗ ನಿಜವೇನೋ ಅನಿಸುತ್ತದೆ.

ಆದರೆ ಹಾಗಲ್ಲ. ಮನುಷ್ಯನ ಲೆಕ್ಕ ಹಾಕಿ ನೋಡಿ: 70 ವರ್ಷಕ್ಕೆ 260 ಕೋಟಿ ದಾಟುತ್ತದೆ. ಹಳೇ ಗುಡಿಯ ಕತ್ತಲ ಮೂಲೆಯಲ್ಲಿ ಜೋತುಬೀಳುವ ಬಾವಲಿಯ ಬಳಗ ಇನ್ನೂ ದೊಡ್ಡ ತಕರಾರು ತೆಗೆಯುತ್ತದೆ. ಸೈಬೀರಿಯಾದಲ್ಲಿ ಏಳು ಗ್ರಾಂ ತೂಕದ ಒಂದು ಬಾವಲಿ 41 ವರ್ಷ ಬದುಕಿದ ದಾಖಲೆ ಇದೆ. ಹ್ಯಾಮ್‌ಸ್ಟರಿನ ತೂಕ 100-150 ಗ್ರಾಂ. ಚಿಕ್ಕ ಮೈಯೇ ಚಿಕ್ಕ ಆಯುಷ್ಯಕ್ಕೆ ಕಾರಣವಾಗಿದ್ದರೆ ಆ ಬಾವಲಿ ಹ್ಯಾಮ್‌ಸ್ಟರಿನಷ್ಟೂ ಬಾಳಬಾರದಿತ್ತು.

ಉತ್ತರದ ಎಳೆಯನ್ನು ಮೊದಲು ಹಿಡಿದವರಲ್ಲಿ ಜೆ.ಬಿ.ಎಸ್. ಹಾಲ್ಡೇನ್ ಒಬ್ಬರು. ಮುಂದೆ 1957ರಲ್ಲಿ ಭಾರತಕ್ಕೆ ಬಂದು, ಇಲ್ಲಿಯವರೇ ಆಗಿ 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡ ಅದೇ ಹಾಲ್ಡೇನ್. ಆ ಎಳೆಯನ್ನು 1951ರಲ್ಲಿ ಲಂಡನ್ನಿನ ಒಂದು ಉಪನ್ಯಾಸದಲ್ಲಿ ಪೀಟರ್ ಮೆಡಾವರ್ ಹಗ್ಗವಾಗಿ ಹೊಸೆದ. ಅದನ್ನು ಕಪ್ಪತಗುಡ್ಡದ ಬುಡಕ್ಕೆ ತಂದು ಹೇಳುತ್ತೇನೆ. ಶಿರಹಟ್ಟಿಯ ಹೊಲದ ಒಂದು ಇಲಿ. ರಾತ್ರಿ ಗೂಗೆ, ಹಗಲು ಗಿಡುಗ, ಬಿಲಕ್ಕೇ ಇಳಿಯುವ ಕೇರೆಹಾವು, ನಡುವೆ ನರಿ, ಕಾಡುಬೆಕ್ಕು. ಒಂದು ವರ್ಷ ದಾಟುವುದೇ ಪುಣ್ಯ. ಎರಡನೇ ವರ್ಷದಲ್ಲಿ ಕಾಡುವ ಗಂತಿ, ಮೂರನೇ ವರ್ಷ ಸೋಲುವ ಮೂತ್ರಪಿಂಡ ಇವನ್ನು ತಡೆಯುವ ರಿಪೇರಿ ವ್ಯವಸ್ಥೆ ಆ ಮೈಯಲ್ಲಿ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಅದರ ಉಪಯೋಗ ಪಡೆಯಲು ಆ ಇಲಿ ಉಳಿದಿರುವುದೇ ಇಲ್ಲ. ಬದಲಿಗೆ ಬೇಗ ಮರಿ ಹಾಕಿದವಳ ವಂಶ ಉಳಿಯುತ್ತದೆ. ಹಾಗಾಗಿ ಪ್ರಕೃತಿ ಮುಪ್ಪಿನ ದೋಷಗಳನ್ನು ಸೋಸುವ ಗೋಜಿಗೇ ಹೋಗಲಿಲ್ಲ. ಬಾವಲಿಗೆ ರೆಕ್ಕೆ ಇದೆ, ಗೂಗೆಯಿಂದ ತಪ್ಪಿಸಿಕೊಳ್ಳಬಲ್ಲದು. ನಾಳೆ ಇರುವವನಿಗೆ ರಿಪೇರಿ ಲಾಭದ ಬಾಬತ್ತು. ಪ್ರತಿ ಚಳಿಗಾಲ ಹಿಮಾಲಯ ದಾಟಿ ಮಾಗಡಿ ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತು ಇಪ್ಪತ್ತು ವರ್ಷ ಬಾಳಬಲ್ಲದು, ಕಾರಣ ಅದೇ.

ಇಲ್ಲಿ ಸಾಕುವವರು ತಿಳಿಯಬೇಕಾದ ಮಾತೊಂದಿದೆ. ಪಂಜರದಲ್ಲಿ ಗೂಗೆಯಿಲ್ಲ. ಹಾಗಾಗಿ ಹೊಲದಲ್ಲಿ ಯಾರೂ ಕಾಣದ ಮುಪ್ಪನ್ನು ನಾವು ಕಾಣುತ್ತೇವೆ. ಎರಡು ವರ್ಷಕ್ಕೆ ಕೂದಲು ಉದುರಿದರೆ ಅದು ನಿಮ್ಮ ಆರೈಕೆ ತಪ್ಪಿದ ಗುರುತಾಗಬೇಕಿಲ್ಲ. ಆರು ತಿಂಗಳಿಗೆ ಸತ್ತರೆ ಮಾತ್ರ ನಿಮ್ಮ ಕಡೆ ನೋಡಿಕೊಳ್ಳಬೇಕಾಗುತ್ತದೆ.

ನಮ್ಮ ಕಡೆ ಅದನ್ನು ಕೊಲ್ಲುವುದು ಮುಖ್ಯವಾಗಿ ಬಿಸಿಲು. ಹ್ಯಾಮ್‌ಸ್ಟರ್ ಬೆವರುವುದಿಲ್ಲ, ನಾಯಿಯಂತೆ ನಾಲಿಗೆ ಚಾಚಿ ತೇಕುವುದೂ ಇಲ್ಲ. 20ರಿಂದ 24 ಡಿಗ್ರಿ ಅದಕ್ಕೆ ಹಿತ, 30 ದಾಟಿದರೆ ಸಂಕಟ. ಗದಗದಲ್ಲಿ ಏಪ್ರಿಲ್-ಮೇ ಅಂದರೆ 40ರ ಹತ್ತಿರ. ಮೊದಲ ಬೇಸಿಗೆಯ ಒಂದು ಮಧ್ಯಾಹ್ನ ಕರೆಂಟು ಹೋಗಿ ಫ್ಯಾನು ನಿಂತಾಗ ಗುಂಡ್ಯಾ ಚಪ್ಪಟೆಯಾಗಿ ಬಿದ್ದಿದ್ದ, ಕಿವಿ ಕೆಂಪಗೆ, ಮುಟ್ಟಿದರೆ ನಡುಕ. ಹುಡುಗಿ ತಣ್ಣೀರಿನಲ್ಲಿ ಅದ್ದಲು ಹೊರಟಿದ್ದಳು. ಹಾಗೆ ಮಾಡಿದರೆ ಆಘಾತಕ್ಕೇ ಸಾಯುತ್ತದೆ. ಬಚ್ಚಲ ಪಕ್ಕದ ತಂಪು ಫರ್ಶಿಯ ಮೇಲೆ ಮಲಗಿಸಿ, ಕಿವಿಗೆ, ಪಾದಕ್ಕೆ ಒದ್ದೆ ಬಟ್ಟೆ ಒತ್ತಿ, ಹನಿಹನಿಯಾಗಿ ನೀರು ಕುಡಿಸಿದ ಮೇಲೆ ಅರ್ಧ ತಾಸಿಗೆ ಎದ್ದು ಕೂತ. ಅಂದಿನಿಂದ ಫರ್ಶಿಯ ಒಂದು ತುಂಡು ಪಂಜರದೊಳಗೇ ಹೋಯಿತು. ಜೊತೆಗೆ ಬಾಯಿ ಒಡೆದ ಒಂದು ಗಡಿಗೆ, ಅಡ್ಡ ಮಲಗಿಸಿ, ಹೊರಮೈಗೆ ಒದ್ದೆ ಅರಿವೆ ಸುತ್ತಿ. ನೀರು ಆವಿಯಾಗುತ್ತ ಕುಡಿಯುವ ನೀರನ್ನು ತಂಪು ಮಾಡುವ ವಿದ್ಯೆಯೇ ಇಲಿಯ ಮನೆಯನ್ನೂ ತಂಪು ಮಾಡುತ್ತದೆ. ಮುಂದಿನ ಬೇಸಿಗೆಗೆ ಅದನ್ನು ಲಕ್ಷ್ಮೇಶ್ವರಕ್ಕೆ, ಅವ್ವನ ಮಣ್ಣಿನ ಮಾಳಿಗೆ ಮನೆಗೆ ಸಾಗಿಸಿದರು. ತಗಡಿನ ಮನೆಯವರು, ಆರ್‌ಸಿಸಿ ಮೇಲ್ಮಹಡಿಯವರು ಹ್ಯಾಮ್‌ಸ್ಟರ್ ತರುವ ಮೊದಲು ಎರಡು ಸಲ ಯೋಚಿಸಬೇಕು. ಬಡಿಗೆಯ ಮಾತಾಡಿದ ಅವ್ವನೇ ಎರಡು ತಿಂಗಳು ಅದಕ್ಕೆ ಸಜ್ಜೆ ಹಾಕಿದಳು, ಅದು ಬೇರೆ ಮಾತು.

ನೀರಿನ ಮಟ್ಟಿಗೆ ಗದಗ-ಬೆಟಗೇರಿಗೆ ಇದಕ್ಕಿಂತ ಒಳ್ಳೆಯ ಸಾಕುಪ್ರಾಣಿ ಇಲ್ಲ. ನಳದಲ್ಲಿ ನೀರು ಬರುವ ದಿನ ಎಣಿಸುತ್ತ ಬ್ಯಾರಲ್ ತುಂಬಿಟ್ಟುಕೊಳ್ಳುವ ಊರಲ್ಲಿ ಇದು ದಿನಕ್ಕೆ ಎರಡು ಚಮಚೆ ಕುಡಿಯುತ್ತದೆ. ಸ್ನಾನ ಮಾಡಿಸಲೇಬಾರದು. ಒಂದು ತಟ್ಟೆ ಒಣ ಮರಳು ಇಟ್ಟರೆ ತಾನೇ ಹೊರಳಾಡಿ ಮೈಯ ಜಿಡ್ಡು ತೆಗೆದುಕೊಳ್ಳುತ್ತದೆ.

ಹಾಸಿಗೆಯ ವಿಷಯದಲ್ಲಿ ಬೆಟಗೇರಿಯಲ್ಲೇ ಒಂದು ಅಪಾಯವಿದೆ. ಸುತ್ತೆಲ್ಲ ಮಗ್ಗ, ಮನೆಯಲ್ಲಿ ನೂಲಿನ ಚೂರಿಗೆ ಬರವಿಲ್ಲ. ಮೆತ್ತಗಿರಲಿ ಎಂದು ಹುಡುಗಿ ಒಂದು ಮುಷ್ಟಿ ನೂಲು, ಒಂದಿಷ್ಟು ಹತ್ತಿ ತುರುಕಿದ್ದಳು. ಎರಡನೇ ದಿನ ಹಿಂಗಾಲಿಗೆ ದಾರ ಸುತ್ತಿಕೊಂಡು ಪಾದ ನೀಲಿಗಟ್ಟಿತ್ತು. ಉಗುರು ಕತ್ತರಿಸುವ ಕತ್ತರಿಯಿಂದ ಒಂದೊಂದೇ ಎಳೆ ಬಿಡಿಸುವಾಗ ನನ್ನ ಕೈಯೇ ನಡುಗುತ್ತಿತ್ತು. ಹತ್ತಿಯನ್ನು ಗಲ್ಲದಲ್ಲಿ ತುಂಬಿಕೊಂಡು ನುಂಗಿದರೆ ಕರುಳು ಕಟ್ಟುತ್ತದೆ. ಕಟ್ಟಿಗೆ ಅಡ್ಡೆಯ ನುಣ್ಣನೆ ಹೊಟ್ಟು ಶ್ವಾಸಕೋಶಕ್ಕೆ ಕೆಟ್ಟದ್ದು. ಮದ್ದು ಗದಗದಲ್ಲೇ ಇತ್ತು, ಮುದ್ರಣಾಲಯದಲ್ಲಿ. ಮಸಿ ಹತ್ತದ ಬಿಳಿ ಕಾಗದದ ಕಟಿಂಗ್ ಚೀಲಗಟ್ಟಲೆ ಸಿಕ್ಕಿತು.

ಎಷ್ಟು ಆಳ ಹಾಕಬೇಕು ಎನ್ನುವುದಕ್ಕೆ ಸ್ವಿಟ್ಜರ್ಲೆಂಡಿನವರು 2006ರಲ್ಲಿ ಪ್ರಯೋಗವನ್ನೇ ಮಾಡಿದರು. ಕೆಲವಕ್ಕೆ 10 ಸೆಂಟಿಮೀಟರ್, ಕೆಲವಕ್ಕೆ 40, ಕೆಲವಕ್ಕೆ 80 ಹಾಸಿಗೆ ಕೊಟ್ಟು ನೋಡಿದರು. ತೆಳುವಾದ ಹಾಸಿಗೆಯವು ಹೆಚ್ಚು ಹೊತ್ತು ಪಂಜರದ ಸರಳು ಕಡಿಯುತ್ತ ಕೂತಿದ್ದವು. ನಮ್ಮ ಅಂಗಡಿಯವನು ಕೊಟ್ಟ ಪಂಜರದಲ್ಲಿ ನಾಲ್ಕು ಬೆರಳಿಗಿಂತ ಹೆಚ್ಚು ಹಾಕಲು ಜಾಗವೇ ಇರಲಿಲ್ಲ. ಸರಳು ಕಡಿದರೆ ಹಲ್ಲು ಮಸೆಯುತ್ತಿದೆ ಎಂದು ಸಮಾಧಾನ ಹೇಳಿದ್ದ. ಅದು ಮಸೆತವಲ್ಲ, ಬೇಸರ. ಹಲ್ಲು ಮಸೆಯಲು ಒಂದು ಪೇರಲ ಕಡ್ಡಿ ಸಾಕು. ಒಂದು ಮೀಟರ್ ಉದ್ದ, ಅರ್ಧ ಮೀಟರ್ ಅಗಲದ ಹಳೇ ಮೀನಿನ ತೊಟ್ಟಿ ತಂದು, ಮೇಲೆ ಜಾಳಿಗೆ ಬಿಗಿದು, ಒಂದು ಗೇಣಿನ ಮೇಲೆ ಕಾಗದ ತುಂಬಿದ ವಾರದಲ್ಲೇ ಗುಂಡ್ಯಾ ಒಳಗೆ ಸುರಂಗ ಕೊರೆದು ಕಣ್ಮರೆಯಾದ. "ಕಾಣೂದ ಇಲ್ಲ ಅಂದ್ರ ಯಾಕ ಸಾಕಬೇಕು?" ಎಂದು ತಂಗಿ ಕೇಳಿದ್ದು ನ್ಯಾಯವಾಗಿಯೇ ಇತ್ತು.

ಅದೇ ಅಂಗಡಿಯವನು ಒಂದೇ ಒಯ್ದರೆ ಬೇಜಾರಾಗುತ್ತದೆ, ಜೋಡಿ ಒಯ್ಯಿರಿ ಎಂದೂ ಹೇಳಿದ್ದನಂತೆ. ರೊಕ್ಕ ಸಾಲದೆ ಬಿಟ್ಟದ್ದು ಗುಂಡ್ಯಾನ ಭಾಗ್ಯ. ಸಿರಿಯಾದ ಹ್ಯಾಮ್‌ಸ್ಟರ್ ಒಂಟಿ ಜೀವಿ. ಟರ್ಕಿಯ ದಕ್ಷಿಣದ ಹೊಲಗಳಲ್ಲಿ ಜರ್ಮನಿಯ ರಾಲ್ಫ್ ಗ್ಯಾಟರ್‌ಮನ್ ತಂಡ ಕಾಡು ಹ್ಯಾಮ್‌ಸ್ಟರಿನ ಬಿಲಗಳನ್ನು ಅಳೆದಾಗ ಒಂದೊಂದು ಬಿಲದಲ್ಲಿ ಬೆಳೆದ ಪ್ರಾಣಿ ಒಂದೊಂದೇ. ಮರಿಯಾಗಿದ್ದಾಗ ಒಟ್ಟಿಗೆ ಮಲಗುವ ಅಣ್ಣತಮ್ಮಂದಿರು ಎರಡು ತಿಂಗಳಾದರೆ ಒಬ್ಬರನ್ನೊಬ್ಬರು ಕೊಲ್ಲುವಷ್ಟು ಕಚ್ಚಾಡುತ್ತಾರೆ. ಆ ಬಿಲಗಳ ಸರಾಸರಿ ಆಳ 65 ಸೆಂಟಿಮೀಟರ್, ನಮ್ಮ ಅಳತೆಯಲ್ಲಿ ಮೂರು ಗೇಣು. ಇದನ್ನು ಹುಡುಗಿಗೂ ಹೇಳಿದ್ದೆ.

ಗ್ಯಾಟರ್‌ಮನ್ ತಂಡ 2008ರಲ್ಲಿ ಇನ್ನೊಂದು ಆಶ್ಚರ್ಯ ಪ್ರಕಟಿಸಿತು. ಪಂಜರದಲ್ಲಿ ಪಕ್ಕಾ ನಿಶಾಚರಿಯಾದ ಹ್ಯಾಮ್‌ಸ್ಟರ್, ಕಾಡಿನಲ್ಲಿ ಹಗಲು ಹೊರಬರುತ್ತದೆ! ಯಾಕೆ ಹೀಗೆ ತಿರುವುಮುರುವು ಎನ್ನುವುದು ಇನ್ನೂ ಚರ್ಚೆಯಲ್ಲಿದೆ. ಆದರೆ ಅದರ ತಲೆಯೊಳಗಿನ ಗಡಿಯಾರ ಮಾತ್ರ ವಿಜ್ಞಾನಕ್ಕೆ ದೊಡ್ಡ ಕೊಡುಗೆ. 20 ತಾಸಿಗೇ ದಿನ ಮುಗಿಸುವ ಒಂದು ಹ್ಯಾಮ್‌ಸ್ಟರ್ ವಂಶ 1988ರಲ್ಲಿ ಅಮೆರಿಕದಲ್ಲಿ ಪತ್ತೆಯಾಯಿತು. ಅದರ ಮೆದುಳಿನ ಗಡಿಯಾರದ ತುಣುಕನ್ನು ಬೇರೆ ಹ್ಯಾಮ್‌ಸ್ಟರಿಗೆ ಕಸಿಮಾಡಿದರೆ ಅದರ ದಿನವೂ 20 ತಾಸಿನದಾಯಿತು. 1998ರ ಇನ್ನೊಂದು ಪ್ರಯೋಗದಲ್ಲಿ ಮುದಿ ಹ್ಯಾಮ್‌ಸ್ಟರಿಗೆ ಎಳೆಯ ಗಡಿಯಾರ ಕೂಡಿಸಿದಾಗ ಆಯುಷ್ಯ ಕೆಲವು ತಿಂಗಳು ಹೆಚ್ಚಿತು. ಭಾರತದಲ್ಲಿ ಜೀವಗಡಿಯಾರದ ಈ ವಿದ್ಯೆಗೆ ಅಡಿಪಾಯ ಹಾಕಿದವರು ಎಂ.ಕೆ. ಚಂದ್ರಶೇಖರನ್, ಮದುರೈಯಲ್ಲಿ, ಆಮೇಲೆ ಬೆಂಗಳೂರಿನ ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ. ಅವರ ಪ್ರಯೋಗದಲ್ಲಿ ರಾತ್ರಿಯೆಲ್ಲ ಚಕ್ರ ತುಳಿದ ಪ್ರಾಣಿಗಳಲ್ಲಿ ಒಂದು 'ಮಸ್ ಬೂದುಗ', ಎಲಿಯಟ್ ಕಳಿಸಿ ಗ್ರೇ ಹೆಸರಿಟ್ಟ ನಮ್ಮ ಹೊಲದ ಇನ್ನೊಂದು ಪುಟ್ಟ ಇಲಿ.

ಇದರಿಂದ ಮನೆಯಲ್ಲಿ ಮಾಡಬೇಕಾದದ್ದು ಇಷ್ಟೇ: ಹಗಲು ಎಬ್ಬಿಸಬೇಡಿ, ರಾತ್ರಿ ಟ್ಯೂಬ್‌ಲೈಟ್ ಉರಿಸಬೇಡಿ, ಚಕ್ರ ಕೊಡಿ. ಸಿರಿಯಾದ್ದಕ್ಕೆ ಸುಮಾರು 28 ಸೆಂಟಿಮೀಟರ್ ವ್ಯಾಸದ್ದು, ಮೆಟ್ಟಿಲು ಮೆಟ್ಟಿಲಾಗಿರದ ಇಡೀ ಹಲಗೆಯದು ಬೇಕು. ಚಿಕ್ಕದರಲ್ಲಿ ಬೆನ್ನು ಬಾಗುತ್ತದೆ, ಸಂದಿಯಿದ್ದರೆ ಕಾಲು ಸಿಕ್ಕಿ ಮುರಿಯುತ್ತದೆ. ಒಂದು ರಾತ್ರಿಗೆ ಹಲವು ಕಿಲೋಮೀಟರ್ ಓಡುತ್ತದೆ.

ತಿನ್ನಿಸುವುದರ ಬಗ್ಗೆ ನಮ್ಮ ಸೀಮೆಯಲ್ಲಿ ಹೆಚ್ಚು ಹೇಳಬೇಕಿಲ್ಲ. ಜೋಳ, ಸಜ್ಜೆ, ನವಣೆ, ಒಂದೆರಡು ಶೇಂಗಾ, ಎಲ್ಲ ಸೇರಿ ದಿನಕ್ಕೆ 10 ಗ್ರಾಮಿನ ಆಸುಪಾಸು, ಮೇಲೊಂದು ಚೂರು ಸೌತೆಕಾಯಿ, ಗಜ್ಜರಿ. ಸೂರ್ಯಕಾಂತಿ ಬೀಜ ಕೊಟ್ಟರೆ ಅದನ್ನೇ ಆರಿಸಿ ತಿಂದು ಕೊಬ್ಬುತ್ತದೆ. ಬೆಲ್ಲ ಬೇಡ, ಕುಳ್ಳ ಜಾತಿಗಳಿಗೆ ಸಕ್ಕರೆ ಕಾಯಿಲೆ ಬರುವುದುಂಟು. ಗದಗಿನವರ ಮನೆ ತುಂಬ ಇರುವ ಉಳ್ಳಾಗಡ್ಡಿ ಮಾತ್ರ ಮುಟ್ಟಿಸಬಾರದು, ಅದು ಕೆಂಪು ರಕ್ತಕಣವನ್ನೇ ಒಡೆಯುತ್ತದೆ. ಬಟ್ಟಲು ಖಾಲಿಯಾದ ಕೂಡಲೇ ತಿಂದು ಮುಗಿಸಿತೆಂದು ತಿಳಿಯಬೇಡಿ, ಹಗೇವಿನಲ್ಲಿ ನೋಡಿ.

ಔಷಧದ ಬಗ್ಗೆ ಮಾತ್ರ ಗಟ್ಟಿಯಾಗಿ ಹೇಳಬೇಕು. ಹೊಟ್ಟೆ ಕೆಟ್ಟು ಬಾಲದ ಬುಡ ಒದ್ದೆಯಾಗುವ ರೋಗ ಮರಿಗಳನ್ನು ಎರಡೇ ದಿನದಲ್ಲಿ ಒಯ್ಯುತ್ತದೆ. ಆಗ ಮನೆಯಲ್ಲಿ ಮಕ್ಕಳಿಗೆಂದು ತಂದಿಟ್ಟ ಅಮಾಕ್ಸಿಸಿಲಿನ್ ಸಿರಪ್ಪಿನ ಒಂದು ಹನಿ ಹಾಕೋಣ ಎನಿಸುತ್ತದೆ. ಹಾಕಿದರೆ ಆ ಹನಿಯೇ ಕೊಲ್ಲಬಹುದು. ಪೆನ್ಸಿಲಿನ್ ಬಳಗದ ಔಷಧ, ಕ್ಲಿಂಡಮೈಸಿನ್ ಇವು ಹ್ಯಾಮ್‌ಸ್ಟರಿನ ಕರುಳಿನ ಒಳ್ಳೆಯ ಜೀವಾಣುಗಳನ್ನು ಸವರಿಹಾಕುತ್ತವೆ. ಖಾಲಿಯಾದ ಜಾಗದಲ್ಲಿ ವಿಷ ಕಾರುವ ಒಂದು ಜೀವಾಣು ಹಬ್ಬುತ್ತದೆ. ಆ ಜೀವಾಣುವೇ ಆಸ್ಪತ್ರೆಯ ರೋಗಿಗಳಲ್ಲೂ ಪ್ರತಿಜೀವಕದ ನಂತರದ ಭೀಕರ ಭೇದಿಗೆ ಕಾರಣ ಎಂದು ಅಮೆರಿಕದ ಜಾನ್ ಬಾರ್ಟ್ಲೆಟ್ 1977-78ರಲ್ಲಿ ಕಂಡುಕೊಂಡದ್ದು ಸತ್ತ ಹ್ಯಾಮ್‌ಸ್ಟರುಗಳಿಂದಲೇ. ನಮ್ಮ ಪಶುವೈದ್ಯರು ಎತ್ತು, ಎಮ್ಮೆ, ಆಡು ನೋಡುವವರು. 120 ಗ್ರಾಂ ತೂಕದ ರೋಗಿಯನ್ನು ಕಂಡು ನಕ್ಕರೆ ತಪ್ಪು ತಿಳಿಯಬಾರದು. ಗದಗದಲ್ಲಿ ಈಗ ಪಶುವೈದ್ಯಕೀಯ ಕಾಲೇಜೇ ಇದೆ. ಹೋಗುವಾಗ ಪ್ರಾಣಿಯ ತೂಕ ಬರೆದುಕೊಂಡು ಹೋಗಿ, ಅರ್ಧ ಕೆಲಸ ಅದೇ.

ಆಯುಷ್ಯ ಹೆಚ್ಚಿಸುವ ದಾರಿ ಇಲ್ಲವೇ ಎಂದರೆ, ಒಂದು ಇದೆ, ನಮಗೆ ಒದಗದ್ದು. ಟರ್ಕಿಯ ಹ್ಯಾಮ್‌ಸ್ಟರ್ ಜಾತಿಯನ್ನು ತಂಪಿನಲ್ಲಿಟ್ಟು ಚಳಿನಿದ್ದೆಗೆ ಬಿಟ್ಟಾಗ, ಹೆಚ್ಚು ದಿನ ಆ ನಿದ್ದೆಯಲ್ಲಿ ಕಳೆದವು ಹೆಚ್ಚು ಕಾಲ ಬದುಕಿದವು ಎಂದು ಚಾರ್ಲ್ಸ್ ಲೈಮನ್ ತಂಡ 1981ರಲ್ಲಿ ತೋರಿಸಿತು. ಬದುಕನ್ನು ನಿಲ್ಲಿಸಿಟ್ಟ ದಿನಗಳು ಆಯುಷ್ಯದ ಖಾತೆಗೆ ಮರಳಿ ಜಮೆಯಾದಂತೆ. ಗದಗದ ಡಿಸೆಂಬರಿನ ಚಳಿ ಅದಕ್ಕೆ ಏನೇನೂ ಸಾಲದು. ನಿಮ್ಮ ಹ್ಯಾಮ್‌ಸ್ಟರ್ ಎಚ್ಚರಿಲ್ಲದೆ ಬಿದ್ದಿದ್ದರೆ ಇಲ್ಲಿ ಅದು ಚಳಿನಿದ್ದೆಯಲ್ಲ, ಕಾಯಿಲೆ.

ಗುಂಡ್ಯಾ ಎರಡು ವರ್ಷ ನಾಲ್ಕು ತಿಂಗಳು ಬದುಕಿದ. ಕಡೆಯ ತಿಂಗಳು ಚಕ್ರ ತೆಗೆದು, ನೀರಿನ ಬಾಟಲಿ ಕೆಳಗಿಳಿಸಿ, ಜೋಳ ನುಚ್ಚು ಮಾಡಿ ಕೊಟ್ಟರು. ಕಡಲೆ ಕೀಳುವ ಕಾಲದಲ್ಲಿ ಒಂದು ಬೆಳಿಗ್ಗೆ ಗಡಿಗೆಯೊಳಗೆ ಸುರುಳಿಯಾಗಿ ತಣ್ಣಗಾಗಿದ್ದ. ತೊಟ್ಟಿ ಖಾಲಿ ಮಾಡುವಾಗ ತಳದ ಮೂಲೆಯಲ್ಲಿ ಕಾಗದದಡಿ ಹಗೇವು ಸಿಕ್ಕಿತು: ಜೋಳ, ನವಣೆ, ಸಿಪ್ಪೆ ಸಹಿತ ಆರು ಶೇಂಗಾ, ಅವ್ವ ಹಾಕಿದ ಸಜ್ಜೆ. ಹುಡುಗಿ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ 74 ಗ್ರಾಂ ಎಂದು ವಹಿಯಲ್ಲಿ ಬರೆದುಕೊಂಡಳು. ಅರ್ಧ ಸೇರಿನ ಕೋಕ್ ಎದುರು ಅದು ಏನೂ ಅಲ್ಲ ಎಂದು ನಾನು ಹೇಳಲಿಲ್ಲ.

ಲಕ್ಷ್ಮೇಶ್ವರದ ಹೊಲದ ಬದುವಿನಲ್ಲಿ ಗುಂಡಿ ತೋಡಿದೆ. ಎರೆಮಣ್ಣು ಇನ್ನೂ ಹಸಿಯಾಗಿತ್ತು, ಸಲಿಕೆಗೆ ಅಂಟುತ್ತಿತ್ತು. ಅವ್ವ ಬೇವಿನ ನೆರಳಲ್ಲಿ ಕೂತು ನೋಡುತ್ತಿದ್ದಳು. ಒಂದು ಮೊಳಕ್ಕೆ ನಾನು ಸಲಿಕೆ ನಿಲ್ಲಿಸಿದಾಗ ಹುಡುಗಿ ಬಗ್ಗಿ, ಕೈ ಇಳಿಬಿಟ್ಟು, ಗೇಣು ಹಾಕಿ ಅಳೆದಳು.

"ಎರಡ ಆಗೇತಿ ಮಾಮಾ. ಇನ್ನೊಂದು ಗೇಣು ತಗಿ."